ಡಿಸ್ಕ್ ಹೊಸ ಪೂಲ್‌ಗೆ ಹೋಯ್ತು, ವಿಎಂ ಹಳೇದನ್ನೇ ತೆರೆಯಿತು: ವರ್ಶ್ ದೋಷ ನಿವಾರಣೆ ಕೈಪಿಡಿ

ವಿಎಂ (ವರ್ಚುವಲ್ ಮಷೀನ್) ಡಿಸ್ಕನ್ನು ಒಂದು ಸ್ಟೋರೇಜ್ ಪೂಲ್‌ನಿಂದ (ಡಿಸ್ಕ್‌ಗಳನ್ನು ಇಡುವ ಜಾಗ) ಇನ್ನೊಂದಕ್ಕೆ ಸಾಗಿಸಿದ ಮೇಲೆ ಏನೋ ಎಡವಟ್ಟಾಗಿದೆ. ಬೂಟ್ ಆಗುತ್ತಿಲ್ಲ, ಅಥವಾ ಬೂಟ್ ಆಗಿದೆ ಆದರೆ ಡೇಟಾ ಹಳೇದು. ಇಂಥ ಹೊತ್ತಲ್ಲಿ ನಮ್ಮ ಕೈ ಮೊದಲು ಹೋಗುವುದು ಫೈಲ್‌ಸಿಸ್ಟಂ ರಿಪೇರಿ ಕಡೆಗೆ. ಸ್ವಲ್ಪ ತಡೆಯಿರಿ. ನಾನು ನೋಡಿದ ಕೇಸ್‌ಗಳಲ್ಲಿ ಜಾಸ್ತಿ ಪಾಲು ಡಿಸ್ಕ್ ಕೆಟ್ಟಿರಲೇ ಇಲ್ಲ. ವಿಎಂ ಬೇರೆ ಫೈಲನ್ನು ತೆರೆದಿತ್ತು, ಇಲ್ಲವೇ ಸರಿಯಾದ ಫೈಲನ್ನೇ ತಪ್ಪು ರೀತಿಯಲ್ಲಿ ತೆರೆದಿತ್ತು. ಹಾಗೆ ತೆರೆದ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ, ಅಲ್ಲಿಯವರೆಗೆ ಚೆನ್ನಾಗಿದ್ದ ಡೇಟಾ ನಿಜವಾಗಿಯೂ ಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮೇಲೆ ಕೆವಿಎಂ (ವಿಎಂ ಓಡಿಸುವ ಕರ್ನಲ್ ಸೌಲಭ್ಯ), ಲಿಬ್‌ವರ್ಟ್ (ವಿಎಂಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಮತ್ತು ವರ್ಶ್ (ಅದರ ಕಮಾಂಡ್ ಟೂಲ್) ಬಳಸುವವರಿಗೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉದಾಹರಣೆಗೆ ವಿಎಂ ಹೆಸರು ಡಿಬಿ1, ಅದರ ಡಿಸ್ಕ್ ವಿಡಿಎ, ಹಳೆ ಪೂಲ್ ‘ಮೂಲ’, ಹೊಸ ಪೂಲ್ ‘ವೇಗ’ ಅಂತ ಇಟ್ಟುಕೊಳ್ಳೋಣ.

ಮೊದಲ ಪ್ರಶ್ನೆ: ಈಗ ತೆರೆದಿರುವುದು ಯಾವ ಫೈಲ್?

ಒಂದು ಘಟನೆ ಹೇಳಿಬಿಡುತ್ತೇನೆ, ಆಗ ಈ ಪ್ರಶ್ನೆ ಯಾಕೆ ಮೊದಲು ಅಂತ ಗೊತ್ತಾಗುತ್ತದೆ. ನಾನೇ ಸಾಗಿಸಿದ ಒಂದು ಡೇಟಾಬೇಸ್ ವಿಎಂ ಹೊಸ ಪೂಲ್‌ನಲ್ಲಿ 19 ದಿನ ಚೆನ್ನಾಗಿ ಓಡಿತು. ಆಮೇಲೆ ಕರ್ನಲ್ ಅಪ್‌ಡೇಟ್‌ಗೆಂದು ಹೋಸ್ಟ್ (ವಿಎಂಗಳು ಓಡುವ ನಿಜವಾದ ಯಂತ್ರ) ರೀಬೂಟ್ ಆಯಿತು. ವಿಎಂ ಎದ್ದಿತು, ಯಾವ ಎರರ್ ಕೂಡ ಇಲ್ಲ. ಆದರೆ ಟೇಬಲ್‌ಗಳಲ್ಲಿ ಕೊನೆಯ ದಾಖಲೆ 19 ದಿನ ಹಿಂದಿನದು. ಡೇಟಾಬೇಸ್ ಕೆಟ್ಟಿದೆ ಅಂತ ಎಲ್ಲರೂ ಗಾಬರಿಯಾದರು. ರಿಪೇರಿ ಟೂಲ್ ತೆರೆದು ಕೂತದ್ದೂ ಆಯಿತು.

ಆಗಿದ್ದು ಇಷ್ಟೇ. ಹಳೆಯ ಲಿಬ್‌ವರ್ಟ್‌ನಲ್ಲಿ ಬ್ಲಾಕ್‌ಕಾಪಿ (ವಿಎಂ ಓಡುವಾಗಲೇ ಡಿಸ್ಕ್ ಸಾಗಿಸುವ ಕಮಾಂಡ್) ಮಾಡಬೇಕಾದರೆ ವಿಎಂ ತಾತ್ಕಾಲಿಕವಾಗಿರಬೇಕು, ಅಂದರೆ ಅದಕ್ಕೆ ಶಾಶ್ವತ ಕಾನ್ಫಿಗ್ ಇರಬಾರದು. ಇಲ್ಲದಿದ್ದರೆ ‘ಡೊಮೇನ್ ಈಸ್ ನಾಟ್ ಟ್ರಾನ್ಸಿಯೆಂಟ್’ ಅನ್ನುತ್ತದೆ. ಹಾಗಾಗಿ ವಿಎಂನ ಕಾನ್ಫಿಗ್ ಇರುವ ಎಕ್ಸ್‌ಎಂಎಲ್ ಅನ್ನು ಒಂದು ಫೈಲ್‌ಗೆ ಉಳಿಸಿ, ಅನ್‌ಡಿಫೈನ್ ಮಾಡಿ (ಶಾಶ್ವತ ಕಾನ್ಫಿಗ್ ತೆಗೆದು), ಡಿಸ್ಕ್ ಸಾಗಿಸಿ, ಮತ್ತೆ ಡಿಫೈನ್ ಮಾಡುವುದು ರೂಢಿ. ನಾನು ಉಳಿಸಿದ ಎಕ್ಸ್‌ಎಂಎಲ್‌ನಲ್ಲಿ ಇದ್ದದ್ದು ಹಳೆ ಪಾತ್. ಅದನ್ನು ತಿದ್ದದೆ ಡಿಫೈನ್ ಮಾಡಿದ್ದೆ. ಓಡುತ್ತಿದ್ದ ವಿಎಂ ಹೊಸ ಫೈಲ್‌ಗೆ ಬರೆಯುತ್ತಿತ್ತು, ಶಾಶ್ವತ ಕಾನ್ಫಿಗ್ ಮಾತ್ರ ಹಳೆ ಫೈಲನ್ನೇ ತೋರಿಸುತ್ತಿತ್ತು. ಹಳೆ ಫೈಲ್ ಅದೇ ಜಾಗದಲ್ಲಿ, ಅದೇ ಹೆಸರಲ್ಲಿ ಕೂತಿದ್ದರಿಂದ ವಿಎಂ ಸದ್ದಿಲ್ಲದೆ ಅದನ್ನೇ ಎತ್ತಿಕೊಂಡಿತು.

ಇದನ್ನು ಪತ್ತೆ ಮಾಡಲು ಎರಡು ಕಮಾಂಡ್ ಸಾಕು:

ವರ್ಶ್ ಡಾಮ್‌ಬ್ಲ್ಕ್‌ಲಿಸ್ಟ್ ಡಿಬಿ1
ವರ್ಶ್ ಡಾಮ್‌ಬ್ಲ್ಕ್‌ಲಿಸ್ಟ್ ಡಿಬಿ1 --ಇನ್‌ಆಕ್ಟಿವ್

ಮೊದಲನೆಯದು ಈಗ ತೆರೆದಿರುವ ಪಾತ್ ತೋರಿಸುತ್ತದೆ. ಎರಡನೆಯದು ಮುಂದಿನ ಸಲ ಆನ್ ಆದಾಗ ತೆರೆಯಲಿರುವ ಪಾತ್. ಎರಡೂ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ನಿಮ್ಮ ದೋಷ ಸಿಕ್ಕಿತು ಅಂತಲೇ ಅರ್ಥ. ವಿಎಂ ಇನ್ನೂ ಓಡುತ್ತಿದ್ದರೆ ಅದನ್ನು ಆಫ್ ಮಾಡುವ ಮುಂಚೆಯೇ ‘ವರ್ಶ್ ಎಡಿಟ್ ಡಿಬಿ1’ ಕೊಟ್ಟು ಪಾತ್ ತಿದ್ದಿ. ಬರೀ 1 ಸಾಲಿನ ಕೆಲಸ.

ಆದರೆ ವಿಎಂ ಈಗಾಗಲೇ ಹಳೆ ಫೈಲ್‌ನಿಂದ ಎದ್ದಿದ್ದರೆ? ತಕ್ಷಣ ನಿಲ್ಲಿಸಿ. ಪ್ರತಿ ನಿಮಿಷವೂ ಎರಡು ಫೈಲ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತಿರುತ್ತವೆ, ಆಮೇಲೆ ಅವನ್ನು ಬ್ಲಾಕ್ ಮಟ್ಟದಲ್ಲಿ ಒಂದುಗೂಡಿಸಲು ಯಾವ ಉಪಾಯವೂ ಇಲ್ಲ. ಎರಡೂ ಫೈಲ್‌ಗಳಿಗೆ ‘ಸ್ಟ್ಯಾಟ್’ ಕೊಟ್ಟು, ಕೊನೆಯದಾಗಿ ಬರೆದ ಹೊತ್ತು ನೋಡಿ. ಹೊಸ ಫೈಲ್‌ನ ಹೊತ್ತು ಹೋಸ್ಟ್ ರೀಬೂಟ್ ಆದ ಕ್ಷಣಕ್ಕೆ ನಿಂತಿರುತ್ತದೆ. ಹಳೆಯದರ ಹೊತ್ತು ಇವತ್ತಿನದಾಗಿರುತ್ತದೆ. ಹೊಸ ಫೈಲ್‌ಗೆ ಕಾನ್ಫಿಗ್ ತಿರುಗಿಸಿ ಎಬ್ಬಿಸಿ. ತಪ್ಪಿ ಹಳೆಯದರಲ್ಲಿ ಬರೆದ ಸ್ವಲ್ಪ ಹೊತ್ತಿನ ದಾಖಲೆಗಳನ್ನು, ಆ ಫೈಲನ್ನು ಎರಡನೇ ಡಿಸ್ಕ್ ಆಗಿ ಓದಲು ಮಾತ್ರ ಜೋಡಿಸಿ, ಡೇಟಾಬೇಸ್ ಮಟ್ಟದಲ್ಲೇ ಆರಿಸಿ ತರಬೇಕು. ನಮಗೆ ಅರ್ಧ ಗಂಟೆಯ ದಾಖಲೆ ಹೀಗೆ ಕೈಯಾರೆ ತರಬೇಕಾಯಿತು.

ಅವತ್ತಿನಿಂದ ನಾನು ಬಿಡದ ಅಭ್ಯಾಸ ಒಂದಿದೆ. ಡಿಸ್ಕ್ ಸಾಗಿದ ಕೂಡಲೇ ಹಳೆ ಫೈಲ್‌ನ ಹೆಸರು ಬದಲಾಯಿಸುವುದು, ಕೊನೆಗೆ ‘.ಹಳೇದು’ ಥರ ಏನಾದರೂ ಸೇರಿಸುವುದು. ಕಾನ್ಫಿಗ್ ತಪ್ಪಿದ್ದರೆ ವಿಎಂ ಫೈಲ್ ಸಿಗಲಿಲ್ಲ ಅಂತ ಜೋರಾಗಿ ಕೂಗಿ ನಿಲ್ಲುತ್ತದೆ. ಸದ್ದಿಲ್ಲದೆ ಹಳೆ ಡೇಟಾ ಕೊಡುವುದಕ್ಕಿಂತ ಕೂಗುವುದು ಎಷ್ಟೋ ವಾಸಿ, ಅಲ್ವಾ?

ಓಡುತ್ತಿದ್ದಾಗಲೇ ಎಂವಿ ಕೊಟ್ಟುಬಿಟ್ಟಿದ್ದರೆ

ಇದು ಇನ್ನೂ ಅಪಾಯದ್ದು, ಆದರೆ ಬೇಗ ಗಮನಿಸಿದರೆ ಡೇಟಾ ಉಳಿಸಿಕೊಳ್ಳಬಹುದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೋಸ್ಟ್‌ನಲ್ಲಿ ವಿಎಂ ಅನ್ನು ಓಡಿಸುವ ಪ್ರೋಗ್ರಾಂ ಕೀಮು. 2017ರಲ್ಲಿ ಬಂದ ಕೀಮು 2.10ರಿಂದ ಡಿಸ್ಕ್ ಇಮೇಜ್‌ಗಳಿಗೆ (ಡಿಸ್ಕ್ ಫೈಲ್‌ಗಳಿಗೆ) ಲಾಕ್ ಇದೆ. ಓಡುತ್ತಿರುವ ವಿಎಂನ ಫೈಲನ್ನು ಕೀಮು-ಐಎಂಜಿ (ಕೀಮುವಿನ ಡಿಸ್ಕ್ ಇಮೇಜ್ ಟೂಲ್) ಮುಟ್ಟಲು ಹೋದರೆ ‘ಫೇಲ್ಡ್ ಟು ಗೆಟ್ ರೈಟ್ ಲಾಕ್’ ಅಥವಾ ಅಂಥದ್ದೇ ಎರರ್ ಬರುತ್ತದೆ. ಆದರೆ ಈ ಲಾಕ್ ಅದನ್ನು ಕೇಳುವವರಿಗೆ ಮಾತ್ರ. ಫೈಲ್ ಕಾಪಿ ಮಾಡುವ, ಸಾಗಿಸುವ ಸಿಪಿ, ಎಂವಿ, ಆರ್‌ಸಿಂಕ್ ಇವು ಕೇಳುವುದೇ ಇಲ್ಲ.

ಒಂದೇ ಫೈಲ್‌ಸಿಸ್ಟಂ ಒಳಗೆ ಎಂವಿ ಅಂದರೆ ಬರೀ ಹೆಸರು ಬದಲಾವಣೆ. ಬೇರೆ ಪೂಲ್ ಬೇರೆ ಫೈಲ್‌ಸಿಸ್ಟಂ ಮೇಲಿದ್ದರೆ ಎಂವಿ ಮೊದಲು ಕಾಪಿ ಮಾಡುತ್ತದೆ, ಆಮೇಲೆ ಮೂಲವನ್ನು ಅಳಿಸುತ್ತದೆ. ಕಾಪಿ ಆಗುವಾಗಲೂ ವಿಎಂ ಬರೆಯುತ್ತಲೇ ಇರುತ್ತದೆ. ಹಾಗಾಗಿ ಹೊಸ ಜಾಗದಲ್ಲಿರುವುದು ಅರ್ಧಂಬರ್ಧ ಹೊಂದಿಕೆಯ ಪ್ರತಿ. ಅಳಿಸಿದ ಮೂಲ ಫೈಲ್ ಮಾತ್ರ ಇನ್ನೂ ಜೀವಂತ. ಯಾಕೆಂದರೆ ಕೀಮು ಅದನ್ನು ತೆರೆದು ಹಿಡಿದುಕೊಂಡಿದೆ. ವಿಎಂ ಒಳಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆಫ್ ಮಾಡಿದ ಕ್ಷಣ ಆ ಫೈಲ್ ನಿಜವಾಗಿಯೂ ಹೋಗಿಬಿಡುತ್ತದೆ.

ಪತ್ತೆ ಮಾಡಲು:

ಎಲ್‌ಎಸ್‌ಓಎಫ್ +ಎಲ್1

ಇಲ್ಲಿ ಎಲ್ ದೊಡ್ಡಕ್ಷರ. ಅಳಿಸಿದ್ದರೂ ತೆರೆದೇ ಇರುವ ಫೈಲ್‌ಗಳ ಪಟ್ಟಿ ಇದು ಕೊಡುತ್ತದೆ. ಕೀಮು ಪ್ರಾಸೆಸ್‌ನ ಸಾಲಿನಲ್ಲಿ ನಿಮ್ಮ ಡಿಸ್ಕ್‌ನ ಹಳೆ ಪಾತ್, ಅದರ ಮುಂದೆ ‘ಡಿಲೀಟೆಡ್’ ಅಂತ ಕಂಡರೆ ವಿಎಂ ಆಫ್ ಮಾಡಬೇಡಿ, ರೀಬೂಟ್ ಅಂತೂ ಬೇಡವೇ ಬೇಡ. ಅದೇ ಸಾಲಿನಲ್ಲಿ ಪ್ರಾಸೆಸ್ ನಂಬರ್ ಮತ್ತು ಎಫ್‌ಡಿ ನಂಬರ್ (ಆ ಪ್ರಾಸೆಸ್ ತೆರೆದ ಫೈಲ್‌ನ ಗುರುತು) ಇರುತ್ತದೆ. 4312 ಮತ್ತು 18 ಅಂದುಕೊಳ್ಳಿ. ಈಗ ವಿಎಂ ಒಳಗೆ ಹೋಗಿ ಡೇಟಾಬೇಸ್ ಸರ್ವೀಸ್ ನಿಲ್ಲಿಸಿ, ‘ಸಿಂಕ್’ ಕೊಡಿ. ಹೊರಗೆ ಬಂದು:

ವರ್ಶ್ ಸಸ್ಪೆಂಡ್ ಡಿಬಿ1
ಸಿಪಿ --ಸ್ಪಾರ್ಸ್=ಆಲ್ವೇಸ್ /ಪ್ರಾಕ್/4312/ಎಫ್‌ಡಿ/18 /ವೇಗ/ಡಿಬಿ1-ಉಳಿಸಿದ್ದು.ಕ್ಯೂಕೌ2

ಸಸ್ಪೆಂಡ್ ಆದಾಗ ಕೀಮು ತನ್ನ ಹತ್ತಿರ ಉಳಿದಿದ್ದನ್ನೆಲ್ಲ ಡಿಸ್ಕ್‌ಗೆ ಬರೆದು ನಿಲ್ಲುತ್ತದೆ. ಆದ್ದರಿಂದ ಈ ಪ್ರತಿ ಪೂರ್ತಿ ಹೊಂದಿಕೆಯಾಗಿರುತ್ತದೆ. ಕಾಪಿ ಮುಗಿದ ಮೇಲೆ ‘ಕೀಮು-ಐಎಂಜಿ ಚೆಕ್’ ಓಡಿಸಿ, ತಪ್ಪಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಹಳೆ ವಿಎಂ ನಿಲ್ಲಿಸಿ. ನಿಲ್ಲಿಸುವಾಗ ರೆಸ್ಯೂಮ್ ಮಾಡಿ ಶಟ್‌ಡೌನ್ ಕೊಡಬೇಡಿ, ಆಗ ಮತ್ತೆ ಅಳಿಸಿದ ಫೈಲ್‌ಗೇ ಬರೆಯುತ್ತದೆ. ಇದೊಂದು ಸಲ ‘ವರ್ಶ್ ಡಿಸ್ಟ್ರಾಯ್’ ಸರಿಯಾದ ದಾರಿ. ಹೆಸರು ಭಯ ಹುಟ್ಟಿಸುತ್ತದೆ ನಿಜ, ಆದರೆ ಅದು ಪವರ್ ತೆಗೆಯುತ್ತದೆಯೇ ಹೊರತು ಡಿಸ್ಕ್ ಅಳಿಸುವುದಿಲ್ಲ. ಎಂವಿ ಮಾಡಿಟ್ಟ ಅರ್ಧಂಬರ್ಧ ಪ್ರತಿಯನ್ನು ಗುರುತು ಹಾಕಿ ಬದಿಗಿಡಿ, ತಪ್ಪಿ ಅದನ್ನು ಜೋಡಿಸುವುದು ಬೇಡ.

100 ಪರ್ಸೆಂಟ್ ಅಂದರೆ ಮುಗಿಯಿತು ಅಂತಲ್ಲ

ಓಡುವಾಗಲೇ ಡಿಸ್ಕ್ ಸಾಗಿಸುವ ಸರಿಯಾದ ಕಮಾಂಡ್ ಬ್ಲಾಕ್‌ಕಾಪಿ. ಇದರಲ್ಲಿ ಎರಡು ಹಂತ ಇದೆ ಅನ್ನುವುದನ್ನು ತುಂಬ ಜನ ಗಮನಿಸುವುದಿಲ್ಲ. ಮೊದಲು ಪೂರ್ತಿ ಡಿಸ್ಕ್ ಕಾಪಿ ಆಗುತ್ತದೆ. ಆಮೇಲೆ ಕನ್ನಡಿ ಥರ, ವಿಎಂ ಬರೆಯುವುದೆಲ್ಲ ಎರಡೂ ಕಡೆ ಹೋಗುತ್ತದೆ. ‘ವರ್ಶ್ ಬ್ಲಾಕ್‌ಜಾಬ್ ಡಿಬಿ1 ವಿಡಿಎ --ಇನ್ಫೋ’ ಕೊಟ್ಟರೆ 100 ಪರ್ಸೆಂಟ್ ತೋರಿಸುತ್ತದೆ. ಆದರೂ ವಿಎಂಗೆ ಅಸಲು ಡಿಸ್ಕ್ ಈಗಲೂ ಹಳೆಯದೇ. ‘ಪಿವಟ್’ ಅಂದಾಗ ಮಾತ್ರ ಅದು ಹೊಸದಕ್ಕೆ ದಾಟುತ್ತದೆ.

ವರ್ಶ್ ಬ್ಲಾಕ್‌ಜಾಬ್ ಡಿಬಿ1 ವಿಡಿಎ --ಪಿವಟ್

ಇದನ್ನು ಕೊಡದೆ ವಿಎಂ ಆಫ್ ಮಾಡಿದರೆ ಜಾಬ್ ಹೋಯಿತು. ಹೊಸ ಪೂಲ್‌ನಲ್ಲಿ ಪೂರ್ತಿ ಗಾತ್ರದ ಒಂದು ಫೈಲ್ ಕೂತಿರುತ್ತದೆ, ನೋಡಿದವರಿಗೆ ಕೆಲಸ ಆಗಿದೆ ಅನಿಸುತ್ತದೆ. ವಿಎಂ ಹಳೆಯದರಲ್ಲೇ ಓಡುತ್ತಿರುತ್ತದೆ. ಆಮೇಲೆ ಯಾರೋ ಜಾಗ ಖಾಲಿ ಮಾಡಲು ಹಳೆ ಫೈಲ್ ಅಳಿಸುತ್ತಾರೆ! ಶುರುವಿನಲ್ಲೇ ‘--ವೇಟ್ --ವರ್ಬೋಸ್ --ಪಿವಟ್’ ಮೂರನ್ನೂ ಒಟ್ಟಿಗೆ ಕೊಟ್ಟರೆ ಈ ತಾಪತ್ರಯ ಇಲ್ಲ. ಟರ್ಮಿನಲ್ ಕಡಿದುಹೋದರೂ ಜಾಬ್ ಒಳಗೆ ಓಡುತ್ತಲೇ ಇರಬಹುದು. ಹಾಗಾದಾಗ ಮೊದಲು ಇನ್ಫೋ ನೋಡಿ, ಆಮೇಲೆ ಪಿವಟ್ ಕೊಡಿ.

ಪಾತ್ ಸರಿ ಇದೆ, ಬೂಟ್ ಆಗುತ್ತಿಲ್ಲ

ಕನ್ಸೋಲ್‌ನಲ್ಲಿ ‘ನೋ ಬೂಟಬಲ್ ಡಿವೈಸ್’. ಡಾಮ್‌ಬ್ಲ್ಕ್‌ಲಿಸ್ಟ್ ಸರಿಯಾದ ಫೈಲನ್ನೇ ತೋರಿಸುತ್ತಿದೆ. ಈಗ ಎಕ್ಸ್‌ಎಂಎಲ್‌ನಲ್ಲಿ ಡಿಸ್ಕ್‌ನ ಡ್ರೈವರ್ ಸಾಲು ನೋಡಿ. ಅಲ್ಲಿ ಟೈಪ್ ಏನಿದೆ, ರಾ (ಡಿಸ್ಕ್‌ನ ಬೈಟ್‌ಗಳು ಇದ್ದ ಹಾಗೇ) ಅಂತಲೋ ಕ್ಯೂಕೌ2 (ಹೆಡರ್ ಇರುವ ಕೀಮುವಿನ ಫಾರ್ಮ್ಯಾಟ್) ಅಂತಲೋ? ಆಮೇಲೆ ಫೈಲ್‌ನ ಒಳಗೆ ಏನಿದೆ ನೋಡಿ:

ಕೀಮು-ಐಎಂಜಿ ಇನ್ಫೋ --ಫೋರ್ಸ್-ಶೇರ್ /ವೇಗ/ಡಿಬಿ1.ಕ್ಯೂಕೌ2

ಇನ್ನೂ ಹತ್ತಿರದಿಂದ ನೋಡಬೇಕಾದರೆ ‘ಹೆಡ್ -ಸಿ 4’ ಔಟ್‌ಪುಟನ್ನು ‘ಹೆಕ್ಸ್‌ಡಂಪ್ -ಸಿ’ಗೆ ಕೊಡಿ. ಈ ಎರಡನೇ ಸಿ ದೊಡ್ಡಕ್ಷರ. ಕ್ಯೂಕೌ2 ಆಗಿದ್ದರೆ ಮೊದಲ 3 ಬೈಟ್ 51, 46, 49 ಇರುತ್ತವೆ. ಪಕ್ಕದಲ್ಲಿ ಅವು ಕ್ಯೂ, ಎಫ್, ಐ ಅಕ್ಷರಗಳಾಗಿ ಕಾಣುತ್ತವೆ. ಫೈಲ್‌ನ ಹೆಸರಿನ ಕೊನೆಯಲ್ಲಿ ಏನಿದೆ ಅನ್ನುವುದಕ್ಕೆ ಬೆಲೆ ಇಲ್ಲ, ಈ ಬೈಟ್‌ಗಳೇ ಸಾಕ್ಷಿ.

ಫೈಲ್ ಕ್ಯೂಕೌ2, ಆದರೆ ಎಕ್ಸ್‌ಎಂಎಲ್‌ನಲ್ಲಿ ರಾ ಅಂತ ಇದ್ದರೆ ಕೀಮು ಆ ಹೆಡರನ್ನೇ ಡಿಸ್ಕ್‌ನ ಮೊದಲ ಸೆಕ್ಟರ್ ಅಂತ ವಿಎಂಗೆ ತೋರಿಸುತ್ತದೆ. ಬೂಟ್ ಕೋಡ್ ಎಲ್ಲಿಂದ ಸಿಗಬೇಕು? ರೆಸ್ಕ್ಯೂ ಐಎಸ್ಒ ಹಾಕಿ ಎಬ್ಬಿಸಿದರೆ 40 ಜಿಐಬಿ ಡಿಸ್ಕ್ 11 ಜಿಐಬಿ ಅಂತ ಕಂಡೀತು. ಡಿಸ್ಕ್‌ನ ಗಾತ್ರ ಹೋಸ್ಟ್‌ನಲ್ಲಿ ಫೈಲ್ ಎಷ್ಟಿದೆಯೋ ಅಷ್ಟೇ ಕಾಣಿಸಿದರೆ, ದೋಷ ಇದೇ ಅಂತ ಧೈರ್ಯವಾಗಿ ಹೇಳಬಹುದು. ಇಲ್ಲೇ ಜನ ಎಡವುತ್ತಾರೆ. ಪಾರ್ಟಿಷನ್ ಟೇಬಲ್ ಕಾಣಲಿಲ್ಲ ಅಂತ ಹೊಸದಾಗಿ ಬರೆಯುತ್ತಾರೆ. ಬರೆದರೆ ಕ್ಯೂಕೌ2 ಹೆಡರ್ ಅಳಿಸಿಹೋಗುತ್ತದೆ, ಆಗ ಇಮೇಜ್ ನಿಜವಾಗಿಯೂ ಕೆಡುತ್ತದೆ. ಸುಮ್ನೆ ಆಫ್ ಮಾಡಿ, ಟೈಪ್ ತಿದ್ದಿ, ಎಬ್ಬಿಸಿ. ಉಲ್ಟಾ ಆಗಿದ್ದರೆ, ಅಂದರೆ ರಾ ಇಮೇಜ್‌ಗೆ ಕ್ಯೂಕೌ2 ಅಂತ ಬರೆದಿದ್ದರೆ, ಚಿಂತೆ ಕಡಿಮೆ. ಕೀಮು ‘ಇಮೇಜ್ ಈಸ್ ನಾಟ್ ಇನ್ ಕ್ಯೂಕೌ2 ಫಾರ್ಮ್ಯಾಟ್’ ಅಂತ ಹೇಳಿ ಶುರುವಾಗುವುದೇ ಇಲ್ಲ.

ಡ್ರೈವರ್ ಸಾಲಿನಲ್ಲಿ ಟೈಪ್ ಬರೆಯದೇ ಬಿಟ್ಟರೆ ಲಿಬ್‌ವರ್ಟ್ ರಾ ಅಂತಲೇ ತೆಗೆದುಕೊಳ್ಳುತ್ತದೆ. ಫೈಲ್ ಪೂಲ್‌ನಿಂದ ಎಲ್‌ವಿಎಂ (ಲಿನಕ್ಸ್‌ನ ವಾಲ್ಯೂಮ್ ಮ್ಯಾನೇಜರ್) ಪೂಲ್‌ಗೆ ಹೋದಾಗ ಇನ್ನೊಂದು ಬದಲಾವಣೆಯೂ ಬೇಕು. ಡಿಸ್ಕ್ ಟೈಪ್ ‘ಫೈಲ್’ ಬದಲು ‘ಬ್ಲಾಕ್’, ಸೋರ್ಸ್ ‘ಫೈಲ್’ ಬದಲು ‘ಡೆವ್’.

ಬೂಟ್ ಆಗುತ್ತದೆ, ಫೈಲ್‌ಸಿಸ್ಟಂ ಮೌಂಟ್ ಆಗುತ್ತಿಲ್ಲ

ಇಲ್ಲಿ ಗಾತ್ರದ ಮೇಲೆ ಕಣ್ಣಿಡಿ. ಲಿಬ್‌ವರ್ಟ್‌ಗೆ 40ಜಿ ಅಂದರೆ 42949672960 ಬೈಟ್. 40ಜಿಬಿ ಅಂದರೆ 40000000000 ಬೈಟ್. ಒಂದೇ ಒಂದು ‘ಬಿ’ ಸೇರಿದ್ದಕ್ಕೆ 2949672960 ಬೈಟ್ ಕಡಿಮೆ. ವಾಲ್-ಕ್ರಿಯೇಟ್-ಆಸ್‌ನಲ್ಲಿ 40ಜಿಬಿ ಅಂತ ಕೊಟ್ಟು ಹೊಸ ವಾಲ್ಯೂಮ್ ಮಾಡಿ, ಅದಕ್ಕೆ ಡಿಡಿಯಿಂದ (ಬೈಟ್‌ಗಳನ್ನು ಹಾಗೇ ಕಾಪಿ ಮಾಡುವ ಕಮಾಂಡ್) ಸುರಿದರೆ ಬಾಲ ತುಂಡಾಗುತ್ತದೆ. ಕೊನೆಯಲ್ಲಿ ‘ನೋ ಸ್ಪೇಸ್ ಲೆಫ್ಟ್’ ಅಂತ ಒಂದು ಸಾಲು ಬಂದಿರುತ್ತದೆ, ಸ್ಕ್ರಿಪ್ಟ್‌ನ ಒಳಗಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಜಿಪಿಟಿ ಮಾದರಿಯ ಪಾರ್ಟಿಷನ್ ಟೇಬಲ್‌ನ ಬ್ಯಾಕಪ್ ಇರುವುದು ಡಿಸ್ಕ್‌ನ ತುತ್ತತುದಿಯಲ್ಲಿ. ಆದ್ದರಿಂದ ಮೊದಲ ದೂರು ಅದರದ್ದೇ. ಆಮೇಲೆ ಕರ್ನಲ್ ಲಾಗ್‌ನಲ್ಲಿ ‘ಬಿಯಾಂಡ್ ಎಂಡ್ ಆಫ್ ಡಿವೈಸ್’. ಎರಡೂ ಕಡೆ ‘ವರ್ಶ್ ವಾಲ್-ಇನ್ಫೋ --ಬೈಟ್ಸ್’ ಕೊಟ್ಟು ಕೆಪ್ಯಾಸಿಟಿ ಅಂಕಿ ಹೋಲಿಸಿ. ಹೊಸದು 1 ಬೈಟ್ ಕಡಿಮೆ ಇದ್ದರೂ ತಪ್ಪೇ. ಜಾಸ್ತಿ ಇದ್ದರೆ ತೊಂದರೆ ಇಲ್ಲ. ಎಲ್‌ವಿಎಂ ತನ್ನ ಎಕ್ಸ್‌ಟೆಂಟ್ ಲೆಕ್ಕಕ್ಕೆ ಮೇಲಕ್ಕೆ ಸುತ್ತುತ್ತದೆ, ಸಾಮಾನ್ಯವಾಗಿ 4 ಎಂಐಬಿ.

ಗಾತ್ರ ಸರಿ ಇದ್ದೂ ಅಲ್ಲಲ್ಲಿ ಫೈಲ್‌ಗಳು ಕೆಟ್ಟಿದ್ದರೆ, ಯಾವ ಕಮಾಂಡ್‌ನಿಂದ ಕಾಪಿ ಮಾಡಿದಿರಿ ಅಂತ ಶೆಲ್ ಹಿಸ್ಟರಿ ನೋಡಿ. ಡಿಡಿಗೆ ‘ಕಾನ್ವ್=ಸ್ಪಾರ್ಸ್’ ಕೊಟ್ಟು ಮೊದಲು ಬೇರೆ ಕೆಲಸಕ್ಕೆ ಬಳಸಿದ ಎಲ್‌ವಿ (ಎಲ್‌ವಿಎಂ ವಾಲ್ಯೂಮ್) ಮೇಲೆ ಬರೆದಿದ್ದರೆ ಕಾರಣ ಅದೇ. ಆ ಆಪ್ಷನ್ ಸೊನ್ನೆ ಇರುವ ಜಾಗವನ್ನು ಬರೆಯದೆ ಹಾರಿಸುತ್ತದೆ. ಹೊಸ ಫೈಲ್ ಮೇಲೆ ಇದು ಸರಿ, ಅಲ್ಲಿ ಬರೆಯದ ಜಾಗ ಸೊನ್ನೆಯಾಗಿಯೇ ಓದುತ್ತದೆ. ಹಳೆ ಎಲ್‌ವಿ ಮೇಲೆ ಹಾರಿಸಿದ ಜಾಗದಲ್ಲೆಲ್ಲ ಹಿಂದಿನವರ ಕಸ ಹಾಗೇ ಉಳಿಯುತ್ತದೆ. ಸೊನ್ನೆ ಇರಬೇಕಾದ ಕಡೆ ಯಾವುದೋ ಹಳೆ ಬ್ಲಾಕ್. ರಿಪೇರಿ ಮಾಡಿ ಪ್ರಯೋಜನವಿಲ್ಲ, ಮೂಲದಿಂದ ಮತ್ತೆ ಕಾಪಿ ಮಾಡಬೇಕು:

ಕೀಮು-ಐಎಂಜಿ ಕನ್ವರ್ಟ್ -ಪಿ -ಎನ್ -ಓ ರಾ /ಮೂಲ/ಡಿಬಿ1.ಕ್ಯೂಕೌ2 /ಡೆವ್/ವೇಗ/ಡಿಬಿ1

ಇದರಲ್ಲಿ ಓ ದೊಡ್ಡಕ್ಷರ, ಪಿ ಮತ್ತು ಎನ್ ಸಣ್ಣಕ್ಷರ. ಇದು ಸೊನ್ನೆಗಳನ್ನೂ ಬರೆಯುತ್ತದೆ. ಗುರಿ ಚಿಕ್ಕದಿದ್ದರೆ ಶುರುವಿನಲ್ಲೇ ಬೇಡ ಅನ್ನುತ್ತದೆ. ಇದೇ ಕಾರಣಕ್ಕೆ ನಾನು ಡಿಸ್ಕ್ ಸಾಗಿಸಲು ಡಿಡಿ ಬಳಸುವುದನ್ನೇ ಬಿಟ್ಟಿದ್ದೇನೆ.

ಪರ್ಮಿಷನ್ ಡಿನೈಡ್

ಕಾಪಿ ಸರಿ, ಕಾನ್ಫಿಗ್ ಸರಿ, ಆದರೂ ಸ್ಟಾರ್ಟ್ ಕೊಟ್ಟರೆ ಪರ್ಮಿಷನ್ ಇಲ್ಲ. ಫೈಲ್‌ಗೆ 777 ಕೊಡುವ ಮುಂಚೆ ‘ನೇಮ್‌ಐ -ಎಲ್’ ಕೊಟ್ಟು ಪೂರ್ತಿ ಪಾತ್ ನೋಡಿ. ಸಾಮಾನ್ಯವಾಗಿ ಫೈಲ್‌ನ ಮಾಲೀಕನನ್ನು ಲಿಬ್‌ವರ್ಟ್ ತಾನೇ ಬದಲಾಯಿಸಿಕೊಳ್ಳುತ್ತದೆ. ಮಧ್ಯದ ಯಾವುದೋ ಡೈರೆಕ್ಟರಿಗೆ ಒಳಗೆ ಹೋಗುವ ‘ಎಕ್ಸ್’ ಅನುಮತಿ ಇರುವುದಿಲ್ಲ. ಹೋಮ್ ಡೈರೆಕ್ಟರಿ ಒಳಗೆ ಪೂಲ್ ಮಾಡಿದವರಿಗೆ ಇದು ಖಾಯಂ.

ಅಲ್ಲೂ ಎಲ್ಲ ಸರಿ ಇದ್ದರೆ ಫೆಡೋರಾ, ರೆಡ್‌ಹ್ಯಾಟ್ ಥರದವುಗಳಲ್ಲಿ ಎಸ್‌ಇಲಿನಕ್ಸ್ (ಲಿನಕ್ಸ್‌ನ ಭದ್ರತಾ ವ್ಯವಸ್ಥೆ) ಲೇಬಲ್ ನೋಡಿ. ಎಂವಿ ಹಳೆ ಲೇಬಲ್ ಹೊತ್ತುಕೊಂಡು ಹೋಗುತ್ತದೆ, ಸಿಪಿ ಹೊಸ ಜಾಗದ ಲೇಬಲ್ ಪಡೆಯುತ್ತದೆ. ಹೊಸ ಪೂಲ್ ಡೈರೆಕ್ಟರಿಗೆ ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ನಿಂದ ವರ್ಟ್_ಇಮೇಜ್_ಟಿ ಕೊಟ್ಟು, ‘ರಿಸ್ಟೋರ್‌ಕಾನ್’ ಓಡಿಸಿ. ಎಸ್‌ಇಲಿನಕ್ಸನ್ನೇ ಆಫ್ ಮಾಡುವುದು ಪರಿಹಾರ ಅಲ್ಲ. ಒಂದು ವಿಎಂ ಇನ್ನೊಂದರ ಡಿಸ್ಕ್ ಮುಟ್ಟದಂತೆ ತಡೆಯುವುದು ಅದೇ. ಡೆಬಿಯನ್, ಉಬುಂಟುಗಳಲ್ಲಿ ಆ ಜಾಗದಲ್ಲಿ ಆಪ್‌ಆರ್ಮರ್ ಇದೆ, ‘ಡಿಮೆಸ್ಗ್’ನಲ್ಲಿ ‘ಡಿನೈಡ್’ ಅಂತ ಹುಡುಕಿದರೆ ಸಿಗುತ್ತದೆ.

ಫೈಲ್ ಇದ್ದೂ ವಾಲ್-ಲಿಸ್ಟ್‌ನಲ್ಲಿ ಕಾಣದಿದ್ದರೆ ‘ವರ್ಶ್ ಪೂಲ್-ರಿಫ್ರೆಶ್ ವೇಗ’ ಕೊಡಿ, ಅಷ್ಟೇ.

ಕೆಲವು ದಿನ ಬಿಟ್ಟು ತಾನಾಗಿ ನಿಲ್ಲುವ ವಿಎಂ

‘ವರ್ಶ್ ಡಾಮ್‌ಸ್ಟೇಟ್ ಡಿಬಿ1 --ರೀಸನ್’ ಕೊಟ್ಟಾಗ ‘ಪಾಸ್ಡ್’, ಪಕ್ಕದಲ್ಲಿ ಐಒ ಎರರ್ ಅಂತ ಬಂದರೆ ಮೊದಲು ಹೊಸ ಪೂಲ್‌ನ ಜಾಗ ನೋಡಿ. 100 ಜಿಐಬಿಯ ವರ್ಚುವಲ್ ಡಿಸ್ಕ್ ಹಳೆ ಪೂಲ್‌ನಲ್ಲಿ 18 ಜಿಐಬಿ ಮಾತ್ರ ಹಿಡಿದಿರಬಹುದು. ಎಸ್‌ಸಿಪಿಯಿಂದ ಅಥವಾ ಸ್ಪಾರ್ಸ್ ಆಪ್ಷನ್ ಇಲ್ಲದ ಆರ್‌ಸಿಂಕ್‌ನಿಂದ ತಂದ ರಾ ಇಮೇಜ್ ಪೂರ್ತಿ 100 ಹಿಡಿದು ಕೂರುತ್ತದೆ. ಜಾಗ ಮುಗಿದಾಗ ಕೀಮು ವಿಎಂಗೆ ಎರರ್ ಕೊಡದೆ ತಡೆದು ನಿಲ್ಲಿಸುತ್ತದೆ, ಹಾಗಾಗಿ ಡೇಟಾಗೆ ಏಟಿಲ್ಲ. ಪೂಲ್‌ನಲ್ಲಿ ಜಾಗ ಮಾಡಿ ‘ವರ್ಶ್ ರೆಸ್ಯೂಮ್’ ಕೊಟ್ಟರೆ ಬಿಟ್ಟಲ್ಲಿಂದಲೇ ಓಡುತ್ತದೆ. ರೀಸೆಟ್ ಮಾಡುವ ಅವಸರ ಬೇಡ.

ಬ್ಯಾಕಿಂಗ್ ಫೈಲ್ ಇದ್ದ ಡಿಸ್ಕ್

ಕೆಲವು ಡಿಸ್ಕ್‌ಗಳಲ್ಲಿ ಪದರ ಇರುತ್ತದೆ: ಕೆಳಗೆ ಮೂಲ ಡೇಟಾದ ಬ್ಯಾಕಿಂಗ್ ಫೈಲ್, ಮೇಲೆ ಬದಲಾವಣೆಗಳಷ್ಟೇ ಇರುವ ಓವರ್‌ಲೇ. ಬರೀ ಮೇಲಿನ ಓವರ್‌ಲೇ ಫೈಲ್ ಸಾಗಿಸಿ ಕೆಳಗಿನದನ್ನು ಬಿಟ್ಟು ಬಂದಾಗ, ಓವರ್‌ಲೇ ಒಳಗೆ ಕೆಳಗಿನದರ ಬರೀ ಹೆಸರಿದ್ದರೆ ವಿಎಂ ಶುರುವಾಗುವುದಿಲ್ಲ. ಪೂರ್ತಿ ಪಾತ್ ಬರೆದಿದ್ದರೆ ಶುರುವಾಗುತ್ತದೆ, ಆದರೆ ಹಳೆ ಪೂಲ್ ತೆಗೆದ ದಿನ ಕೈ ಕೊಡುತ್ತದೆ. ‘ಕೀಮು-ಐಎಂಜಿ ಇನ್ಫೋ --ಬ್ಯಾಕಿಂಗ್-ಚೈನ್’ ಇಡೀ ಸರಪಳಿ ತೋರಿಸುತ್ತದೆ. ಅದರಲ್ಲಿ ಹಳೆ ಪೂಲ್‌ನ ಪಾತ್ ಒಂದಾದರೂ ಕಂಡರೆ ಸಾಗಣೆ ಮುಗಿದಿಲ್ಲ. ಕನ್ವರ್ಟ್ ಮಾಡಿದರೆ ಸರಪಳಿ ಕೂಡಿ ಒಂದೇ ಫೈಲ್ ಆಗುತ್ತದೆ. ಆದರೆ ಕ್ಯೂಕೌ2 ಒಳಗಿದ್ದ ಸ್ನ್ಯಾಪ್‌ಶಾಟ್‌ಗಳು ಹೊಸ ಫೈಲ್‌ಗೆ ಬರುವುದಿಲ್ಲ. ಅವು ಬೇಕಾದರೆ ವಿಎಂ ಆಫ್ ಮಾಡಿ ಫೈಲನ್ನೇ ಸಿಪಿಯಿಂದ ಒಯ್ಯಬೇಕು.

ಹಳೇದನ್ನು ಅಳಿಸುವ ಮುನ್ನ

ಆಫ್ ಆಗಿದ್ದಾಗ ಕಾಪಿ ಮಾಡಿದ್ದರೆ, ಹೊಸದನ್ನು ಒಮ್ಮೆಯೂ ಆನ್ ಮಾಡುವ ಮುಂಚೆ ಹೋಲಿಸಿ:

ಕೀಮು-ಐಎಂಜಿ ಕಂಪೇರ್ /ಮೂಲ/ಡಿಬಿ1.ಕ್ಯೂಕೌ2 /ವೇಗ/ಡಿಬಿ1.ಕ್ಯೂಕೌ2

‘ಇಮೇಜಸ್ ಆರ್ ಐಡೆಂಟಿಕಲ್’ ಬರಬೇಕು. ಒಮ್ಮೆ ಎಬ್ಬಿಸಿದ ಮೇಲೆ ಈ ಹೋಲಿಕೆಗೆ ಅರ್ಥವಿಲ್ಲ, ಬೂಟ್ ಆದ ಕೂಡಲೇ ಹೊಸದರಲ್ಲಿ ಲಾಗ್ ಬರೆದು ವ್ಯತ್ಯಾಸ ಬಂದಿರುತ್ತದೆ. ಆಮೇಲೆ ಹಳೆ ಫೈಲ್‌ನ ಹೆಸರು ಬದಲಿಸಿ, ವಿಎಂ ಅನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು. ಆಗ ಅದೇ ಕೀಮು ಪ್ರಾಸೆಸ್ ಮುಂದುವರಿಯುತ್ತದೆ, ಶಾಶ್ವತ ಕಾನ್ಫಿಗ್ ಓದುವುದೇ ಇಲ್ಲ. ಆನ್ ಆದ ಮೇಲೆ ಎರಡೂ ಡಾಮ್‌ಬ್ಲ್ಕ್‌ಲಿಸ್ಟ್ ಒಂದೇ ಪಾತ್ ತೋರಿಸಬೇಕು. ಒಂದು ಬ್ಯಾಕಪ್ ಹೊಸ ಜಾಗದಿಂದ ಸರಿಯಾಗಿ ಆಗಬೇಕು. ಅಷ್ಟಾದ ಮೇಲೆ ಹಳೆ ಪೂಲ್‌ಗೆ ರಿಫ್ರೆಶ್ ಕೊಟ್ಟು, ವಾಲ್-ಲಿಸ್ಟ್‌ನಲ್ಲಿ ಹೆಸರನ್ನು ಕಣ್ಣಾರೆ ಓದಿ, ವಾಲ್-ಡಿಲೀಟ್ ಒತ್ತಿ. ಅದು ‘ಖಚಿತವೇ’ ಅಂತ ಕೇಳುವುದಿಲ್ಲ.